ಗ್ರೀಕ್ ರುದ್ರನಾಟಕವೂ ಕಂಪಿಲಿಯ ಕಥೆಯೂ

ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯನ್ನು ಕಂಡವರಿಗೆ, ಸಿರುಗುಪ್ಪದ ಸೀಮೆಯ ಹಳ್ಳಿಗಳಲ್ಲಿ ಇರುಳಿಡೀ ನಡೆಯುವ ಬಯಲಾಟವನ್ನು ನೋಡಿದವರಿಗೆ, ಪ್ರಾಚೀನ ಗ್ರೀಕರ ನಾಟಕವು ಅಷ್ಟೇನೂ ದೂರದ ವಸ್ತುವಲ್ಲ. ಅದೂ ದೇವರ ಉತ್ಸವದಲ್ಲಿ ಹುಟ್ಟಿದ ಆಟ. ಅದೂ ಬಯಲಿನ ಆಟ. ವಸಂತಕಾಲದಲ್ಲಿ ಅಥೆನ್ಸ್ ನಗರದವರು ಡಯೊನೈಸಸ್ ದೇವತೆಯ ಉತ್ಸವವನ್ನು ಆಚರಿಸುತ್ತಿದ್ದರು. ಕೋಟೆಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಸಾವಿರಾರು ಜನ ಕುಳಿತು, ಬೆಳಗಿನಿಂದಲೇ ನಾಟಕಗಳನ್ನು ನೋಡುತ್ತಿದ್ದರು. ನಮ್ಮ ಆಟಕ್ಕೆ ಇರುಳು, ಅವರದಕ್ಕೆ ಹಗಲು. ಅಷ್ಟೇ ಭೇದವೆಂದು ಮೊದಲ ನೋಟಕ್ಕೆ ತೋರಬಹುದು.

ಜನ ಕುಳಿತು ನೋಡುವ ಸ್ಥಳವೇ ‘ಥಿಯೇಟ್ರಾನ್’. ಇಂದಿನ ‘ಥಿಯೇಟರ್’ ಶಬ್ದ ಅದರಿಂದ ಬಂದುದು. ಅದರ ಮುಂದಿನ ದುಂಡನೆಯ ಕುಣಿತದ ಕಣ ‘ಆರ್ಕೆಸ್ಟ್ರಾ’; ಕಣದ ಹಿಂದಿದ್ದ, ನಟರು ವೇಷ ಬದಲಿಸುತ್ತಿದ್ದ ಗುಡಾರವೇ ‘ಸ್ಕೀನೆ’. ಮೂವರು ಕವಿಗಳು ಸ್ಪರ್ಧೆಗೆ ನಿಲ್ಲುತ್ತಿದ್ದರು. ಪ್ರತಿಯೊಬ್ಬನೂ ಮೂರು ರುದ್ರನಾಟಕಗಳನ್ನೂ ಒಂದು ವಿನೋದರೂಪಕವನ್ನೂ ಆಡಿಸಬೇಕು. ಪಾತ್ರಧಾರಿಗಳೆಲ್ಲ ಗಂಡಸರು, ಮೋರೆಗೆ ಮುಖವಾಡ. ಮೊದಲು ಇದ್ದವನು ಒಬ್ಬನೇ ನಟ. ಎರಡನೆಯವನನ್ನು ತಂದವನು ಈಸ್ಕಿಲಸ್, ಮೂರನೆಯವನನ್ನು ತಂದವನು ಸೊಫೋಕ್ಲೀಸ್. ಸೊಫೋಕ್ಲೀಸ್ ಬರೆದ ನೂರಕ್ಕೂ ಮಿಕ್ಕ ನಾಟಕಗಳಲ್ಲಿ ಪೂರ್ಣವಾಗಿ ಉಳಿದಿರುವುವು 7 ಮಾತ್ರ.

ಈ ವಿಷಯ ಬಳ್ಳಾರಿಗೆ ಹೊಸದಲ್ಲ. ಇಲ್ಲಿ ವಕೀಲರಾಗಿದ್ದ ಕೋಲಾಚಲಂ ಶ್ರೀನಿವಾಸರಾಯರು ಜಗತ್ತಿನ ನಾಟಕಚರಿತ್ರೆಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನೇ ಬರೆದು 1908ರಲ್ಲಿ ಪ್ರಕಟಿಸಿದರು. ಅವರದು ಸುಮನೋರಮಾ ಸಭೆ. ಅವರ ಸಮಕಾಲೀನರೂ ವಕೀಲರೂ ಆದ ಧರ್ಮವರಂ ರಾಮಕೃಷ್ಣಮಾಚಾರ್ಯರದು ಸರಸವಿನೋದಿನೀ ಸಭೆ. ಎರಡು ನಾಟಕಸಭೆಗಳು ಒಂದೇ ಊರಿನಲ್ಲಿ ಪೈಪೋಟಿಗೆ ನಿಂತಿದ್ದ ಆ ಕಾಲ ಅಥೆನ್ಸಿನ ಸ್ಪರ್ಧೆಯನ್ನು ನೆನಪಿಗೆ ತಂದರೆ ಆಶ್ಚರ್ಯವಿಲ್ಲ.

ಆದರೆ ಪ್ರಕೃತ ಲೇಖನದ ಜಿಜ್ಞಾಸೆ ಬೇರೆ. ದುರಂತವಸ್ತುವು ನಮ್ಮ ನೆಲಕ್ಕೆ ಪರಕೀಯವೆಂದು ಹೇಳುವುದು ವಾಡಿಕೆಯಾಗಿದೆ. ಈ ಮಾತು ಎಷ್ಟರಮಟ್ಟಿಗೆ ನಿಜ?

ಕ್ರಿಸ್ತಪೂರ್ವ 428ರಲ್ಲಿ ಯೂರಿಪಿಡೀಸ್ ಕವಿಯ ‘ಹಿಪ್ಪೊಲಿಟಸ್’ ನಾಟಕಕ್ಕೆ ಪ್ರಥಮ ಬಹುಮಾನ ದೊರೆಯಿತು. ರಾಜ ಥೀಸಿಯಸನ ಮಗ ಹಿಪ್ಪೊಲಿಟಸ್ ಬ್ರಹ್ಮಚಾರಿ, ಬೇಟೆಯ ದೇವತೆ ಆರ್ಟೆಮಿಸಳ ಭಕ್ತ. ಮಲತಾಯಿ ಫೀಡ್ರಾ ಅವನಲ್ಲಿ ಮೋಹಗೊಳ್ಳುತ್ತಾಳೆ. ವಿಷಯವು ದಾದಿಯ ಬಾಯಿಂದ ಅವನಿಗೆ ತಿಳಿದಾಗ, ಅವನ ಮೇಲೆ ಅಪವಾದ ಹೊರಿಸುವ ಓಲೆಯನ್ನು ಬರೆದಿಟ್ಟು ಆಕೆ ನೇಣು ಹಾಕಿಕೊಳ್ಳುತ್ತಾಳೆ. ತಂದೆ ವಿಚಾರಿಸದೆ ಶಪಿಸುತ್ತಾನೆ. ಕಡಲಿನಿಂದೆದ್ದ ಗೂಳಿಗೆ ಕುದುರೆಗಳು ಬೆದರಿ ಮಗನನ್ನು ಎಳೆದಾಡುತ್ತವೆ. ಸತ್ಯ ಹೊರಬೀಳುವ ಹೊತ್ತಿಗೆ ಕಾಲ ಮೀರಿರುತ್ತದೆ. ತಂದೆಯನ್ನು ಕ್ಷಮಿಸಿ ಮಗ ಪ್ರಾಣ ಬಿಡುತ್ತಾನೆ.

ಕುರುಗೋಡಿಗೆ ಸಮೀಪದ ಕಂಪಿಲಿಯ ಕುಮಾರರಾಮನ ಕಥೆಯನ್ನು ಬಲ್ಲ ವಾಚಕರಿಗೆ ಹೋಲಿಕೆಯನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಚೆಂಡಾಟದಲ್ಲಿ ಚೆಂಡು ರತ್ನಾಜಿಯ ಅರಮನೆಗೆ ಬೀಳುತ್ತದೆ. ತರಲು ಹೋದ ಮಲಮಗನನ್ನು ಆಕೆ ಬಯಸುತ್ತಾಳೆ. ಅವನು ನಿರಾಕರಿಸಲು ಗಂಡನೆದುರು ದೂರುತ್ತಾಳೆ. ಕಂಪಿಲರಾಯ ವಧೆಗೆ ಅಪ್ಪಣೆ ಕೊಡುತ್ತಾನೆ. ಎರಡು ಕಥೆಗಳು ಒಂದನ್ನೊಂದು ಅರಿಯದೆ ಒಂದೇ ದಾರಿಯಲ್ಲಿ ನಡೆದುಬಂದಿವೆ. ಆಮೇಲೆ ದಾರಿ ಕವಲೊಡೆಯುತ್ತದೆ. ಮಂತ್ರಿ ಬೈಚಪ್ಪ ರಾಮನನ್ನು ಅಡಗಿಸಿಟ್ಟು ಬೇರೊಂದು ತಲೆಯನ್ನು ದೊರೆಗೆ ತೋರಿಸುತ್ತಾನೆ. ದೆಹಲಿಯ ದಂಡು ಬಂದಾಗ ರಾಮ ಹೊರಬಂದು ಕಾದಿ ವೀರಸ್ವರ್ಗ ಪಡೆಯುತ್ತಾನೆ. 16ನೆಯ ಶತಮಾನದ ನಂಜುಂಡಕವಿ ಇದನ್ನು ಸಾಂಗತ್ಯದಲ್ಲಿ ವಿಸ್ತಾರವಾಗಿ ಹಾಡಿದ್ದಾನೆ. ತಂದೆಯ ತಪ್ಪಿಗೆ ಮಗ ಬಲಿಯಾಗುವ ಘೋರವನ್ನು ನಮ್ಮ ಕಥೆಯು ಹೊಸ್ತಿಲವರೆಗೆ ಬರಗೊಟ್ಟು, ಒಳಗೆ ಬರಗೊಡಲಿಲ್ಲ.

ಅದನ್ನು ಒಳಗೆ ಬರಗೊಟ್ಟವರು ಧರ್ಮವರದವರು. ಸಾರಂಗಧರನ ಕಥೆಯಲ್ಲಿಯೂ ಇದೇ ಮಲತಾಯಿ, ಇದೇ ಅಪವಾದ, ಇದೇ ಶಿಕ್ಷೆ. ಜನಜನಿತ ಕಥೆಯಲ್ಲಾದರೋ ಕತ್ತರಿಸಿದ ಕೈಕಾಲುಗಳು ಸಿದ್ಧನೊಬ್ಬನ ಕೃಪೆಯಿಂದ ಮರಳಿ ಕೂಡುತ್ತವೆ. ಅವರು ತಮ್ಮ ತೆಲುಗು ನಾಟಕವನ್ನು ‘ವಿಷಾದ ಸಾರಂಗಧರ’ವೆಂದು ಕರೆದು ಶೋಕದಲ್ಲಿಯೇ ಮುಗಿಸಿದರು. ತೆಲುಗಿನ ಮೊದಲ ದುರಂತನಾಟಕವೆಂದು ವಿದ್ವಾಂಸರು ಎಣಿಸುವ ಈ ಕೃತಿ ನಮ್ಮ ಬಳ್ಳಾರಿಯದು. ಮಂಗಳದಿಂದಲೇ ಮುಗಿಯಬೇಕೆಂಬ ಸಂಸ್ಕೃತ ನಾಟಕಸಂಪ್ರದಾಯವನ್ನು ಬಲ್ಲವರೇ ಅದನ್ನು ಮೀರಿದ್ದು ಸಾಮಾನ್ಯ ಧೈರ್ಯವಲ್ಲ.

ಆದರೂ ಶೋಕಾಂತ್ಯ ಮಾತ್ರದಿಂದ ಗ್ರೀಕ್ ರುದ್ರನಾಟಕ ಸಿದ್ಧಿಸದು. ಅದರ ಜೀವ ಮೇಳದಲ್ಲಿದೆ. ಬಯಲಾಟದಲ್ಲಿ ಭಾಗವತನೂ ಹಿಮ್ಮೇಳದವರೂ ಹಾಡುತ್ತಾರೆ, ಸಾರಥಿ ವೇಷಗಳನ್ನು ಮಾತಾಡಿಸುತ್ತಾನೆ. ಆದರೆ ಅವರು ಕಥೆಯೊಳಗಿನ ಜನರಲ್ಲ. ಗ್ರೀಕ್ ಮೇಳವು ಕಥೆಯ ಊರಿನದೇ. ‘ಹಿಪ್ಪೊಲಿಟಸ್’ನಲ್ಲಿ ಟ್ರೀಜನ್ ಊರಿನ ಹೆಂಗಸರಿಂದ ಫೀಡ್ರಾ ಮೌನದ ಆಣೆಯನ್ನು ಮೊದಲೇ ಪಡೆದಿರುತ್ತಾಳೆ. ತಂದೆ ಮಗನನ್ನು ಶಪಿಸುವಾಗ ಸತ್ಯವನ್ನು ಬಲ್ಲ ಹದಿನೈದು ಮಂದಿ ಕಣದಲ್ಲಿಯೇ ನಿಂತಿದ್ದಾರೆ. ಆಣೆಗೆ ಕಟ್ಟುಬಿದ್ದು ಬಾಯಿ ತೆರೆಯಲಾರರು. ಮಗನೂ ಹಾಗೆಯೇ ದಾದಿಗೆ ಕೊಟ್ಟ ಆಣೆಗೆ ಕಟ್ಟುಬಿದ್ದವನು. ಇಲ್ಲಿ ಕೇಡನ್ನು ತರುವುದು ಅಧರ್ಮವಲ್ಲ, ಮಾತಿಗೆ ತಪ್ಪದ ಧರ್ಮ. ಗ್ರಾಮದ ಮೌನವನ್ನು ಹೀಗೆ ಕಣ್ಣೆದುರು ನಿಲ್ಲಿಸಿದ ದೃಶ್ಯ ನಮ್ಮ ಆಟಗಳಲ್ಲಿ ನನಗೆ ಕಾಣಸಿಕ್ಕಿಲ್ಲ. ಬಿ.ಎಂ.ಶ್ರೀಯವರು ಸೊಫೋಕ್ಲೀಸನ ‘ಏಜಾಕ್ಸ್’ ನಾಟಕದ ಜಾಡಿನಲ್ಲಿ ‘ಅಶ್ವತ್ಥಾಮನ್’ (1929) ಬರೆದು, ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ (1935) ಎಂದು ತಂದು, ಈ ಮೇಳದ ರುಚಿಯನ್ನು ಕನ್ನಡಕ್ಕೆ ಹತ್ತಿಸಿದರು. ಚಿರಂಜೀವಿಯನ್ನು ರಂಗದಲ್ಲಿ ಸಾಯಿಸಿದರೆಂಬ ಆಕ್ಷೇಪಣೆಯನ್ನೂ ಹೊತ್ತರು. ಅವು ರಂಗಕ್ಕಿಂತ ತರಗತಿಯಲ್ಲಿ ಹೆಚ್ಚು ಬಾಳಿದುವು ಎಂಬುದು ಬೇರೆ ಮಾತು.

ಪಾತ್ರದ ವಿಷಯದಲ್ಲಿಯೂ ಒಂದು ಮಾತಿದೆ. ಸರ್ವಥಾ ನಿರ್ದೋಷಿಯ ಪತನವು ಕರುಣೆಯನ್ನಲ್ಲ, ಜುಗುಪ್ಸೆಯನ್ನು ಹುಟ್ಟಿಸುತ್ತದೆಂದು ಅರಿಸ್ಟಾಟಲ್ ಎಣಿಸಿದ. ಕುಮಾರರಾಮ ಪರನಾರೀಸಹೋದರ, ಅವನಲ್ಲಿ ಬಿರುಕಿಲ್ಲ. ಹಿಪ್ಪೊಲಿಟಸನಿಗೋ ತನ್ನ ಶುಚಿತ್ವದ ಮೇಲೆ ಬಿಂಕವಿದೆ. ಪ್ರೇಮದೇವತೆಗೆ ಅವನು ಕೈ ಕೂಡ ಮುಗಿಯನು. ಭಕ್ತನಿಗೂ ಈ ಅಪಾಯ ಉಂಟೆಂಬುದನ್ನು ನಮ್ಮ ವಾಚಕರು ಬಲ್ಲರು.

ಫೀಡ್ರಾ ಹಾಗಲ್ಲ. ಆಕೆ ತನ್ನ ಮೋಹವನ್ನು ನಾಚಿ, ಅನ್ನ ಬಿಟ್ಟು, ಸಾಯಲು ನಿಶ್ಚಯಿಸಿದವಳು. ಚಿತ್ರಾಂಗಿಯ ಕಥೆಯ ಕೆಲವು ಪಾಠಗಳಲ್ಲಿ ಮಗನಿಗೆಂದು ನೋಡಿದ ಕನ್ಯೆಯನ್ನು ತಂದೆಯೇ ವರಿಸುತ್ತಾನೆ. ಅನ್ಯಾಯಕ್ಕೊಳಗಾದ ಹೆಣ್ಣಿನ ಅಳಲು ಅಲ್ಲಿ ಬೀಜರೂಪದಲ್ಲಿದೆ; ಅದನ್ನು ಬೆಳೆಸುವ ಬದಲು ನಮ್ಮವರು ಆಕೆಯನ್ನು ಕಾಮುಕಿಯೆಂದು ಬಿಟ್ಟುಬಿಟ್ಟರು. ರತ್ನಾಜಿಗೂ ಅದೇ ಗತಿ. ಯೂರಿಪಿಡೀಸ್ ಕೂಡ ಮೊದಲಿಗೆ ಇದನ್ನೇ ಮಾಡಿದ್ದ. ನಾಚಿಕೆ ತೊರೆದು ತಾನೇ ಪ್ರಣಯ ಬೇಡುವ ಫೀಡ್ರಾಳನ್ನು ರಂಗಕ್ಕೆ ತಂದಿದ್ದ. ಅಥೆನ್ಸಿನವರು ಮುಖ ಸಿಂಡರಿಸಿದರು. ಆತ ಅದೇ ಕಥೆಯನ್ನು ಎರಡನೆಯ ಸಲ ಬರೆದ. ಉಳಿದಿರುವುದು, ಬಹುಮಾನ ಪಡೆದುದು, ಆ ಎರಡನೆಯದು. ಕಂಪಿಲಿಯ ರತ್ನಾಜಿಯನ್ನು ಎರಡನೆಯ ಸಲ ಬರೆಯುವ ಕವಿಗೆ ಹಾಡಲು ಮೇಳವಂತೂ ಸಿರುಗುಪ್ಪದ ಹಳ್ಳಿಗಳಲ್ಲಿಯೇ ಇದೆ.