ಸೆನ್ಸರ್ ಮೇಲೆ ಹೊರಿಸುವ ತಪ್ಪು

ಕಾರಿಗೆ ಫ್ರೀ-ಫ್ಲೋ ಸೈಲೆನ್ಸರ್, ಹೊಸ ಹೆಡರ್ ಹಾಕಿಸಿದ ಮೇಲೆ ಚೆಕ್ ಎಂಜಿನ್ ದೀಪ ಹೊತ್ತಿಕೊಂಡರೆ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ‘ಆಕ್ಸಿಜನ್ ಸೆನ್ಸರ್ ಹೋಗಿದೆ, ಹೊಸದು ಹಾಕ್ಬೇಕು’ ಎನ್ನುವುದು ಒಂದು. ‘ಅದು ಹೊಗೆ ಟೆಸ್ಟಿಗೆ ಇಟ್ಟಿರೋದು ಸಾರ್, ಸ್ಪೇಸರ್ ಹಾಕಿದ್ರೆ ದೀಪ ಹೋಗುತ್ತೆ’ ಎನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಕಂಪನಿಯಿಂದ ಬಂದಂತೆಯೇ ಇರುವ ಕಾರಿಗಿಂತ ಮಾಡಿಫೈ ಮಾಡಿದ ಕಾರಿಗೇ ಈ ಸೆನ್ಸರಿನ ಅಗತ್ಯ ಹೆಚ್ಚು.

ಹೊಗೆಯ ಮಾತಿನಲ್ಲಿ ಅರ್ಧ ಸತ್ಯವಿದೆ. 1976ರಲ್ಲಿ ಬಾಷ್ ಕಂಪನಿಯ ಲ್ಯಾಂಬ್ಡಾ ಸೆನ್ಸರ್, ಅಂದರೆ ಇದೇ ಆಕ್ಸಿಜನ್ ಸೆನ್ಸರ್, ಮೊದಲು ವೋಲ್ವೋ ಕಾರಿಗೆ ಬಂದದ್ದು ಅಮೆರಿಕದ ಕಟ್ಟುನಿಟ್ಟಿನ ಹೊಗೆ ನಿಯಮಗಳಿಗಾಗಿಯೇ. ಆದರೆ ಅದು ಮಾಡುವ ಕೆಲಸ ಎಂಜಿನ್ನಿನದು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡಿ, ಪೆಟ್ರೋಲ್ ಹೆಚ್ಚಾದರೆ ಸುಮಾರು 0.9 ವೋಲ್ಟ್, ಕಮ್ಮಿಯಾದರೆ 0.1 ವೋಲ್ಟ್ ಕಳಿಸುತ್ತದೆ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಅದರಂತೆ ಪೆಟ್ರೋಲ್ ಹೆಚ್ಚುಕಮ್ಮಿ ಮಾಡುತ್ತಲೇ ಇರುತ್ತದೆ. ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್. ಅಷ್ಟೇ ಗಾಳಿಗೆ ಅದು ಹೆಚ್ಚು ಬೇಕು. ಹಳೆಯ ಕಾರಿನಲ್ಲಿ ಆ ವ್ಯತ್ಯಾಸ ಸರಿದೂಗಿಸುವುದು ಈ ಸೆನ್ಸರೇ. ಅದನ್ನು ಕಿತ್ತರೆ ಇಸಿಯು ಹಳೆಯ ಲೆಕ್ಕದಲ್ಲೇ ಪೆಟ್ರೋಲ್ ಬಿಡುತ್ತದೆ.

‘ಸೆನ್ಸರ್ ಹೋಗಿದೆ’ ಎನ್ನುವ ತೀರ್ಪಂತೂ ಬಹಳ ಸಲ ಸ್ಕ್ಯಾನರಿನ ಒಂದು ಸಾಲು ಓದಿ ಕೊಟ್ಟದ್ದಾಗಿರುತ್ತದೆ. ಪಿ0171 ಎಂಬ ಕೋಡ್ ಹೇಳುವುದು ಪೆಟ್ರೋಲ್ ಕಮ್ಮಿ ಕಾಣುತ್ತಿದೆ ಎಂದಷ್ಟೇ, ಸೆನ್ಸರ್ ಕೆಟ್ಟಿದೆ ಎಂದಲ್ಲ. ಹೊಸ ಹೆಡರ್ ಹಾಕುವಾಗ ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ದರೆ ಅಲ್ಲೊಂದು ಸಣ್ಣ ಸಂದು ಉಳಿಯುತ್ತದೆ. ಹೊಗೆ ಪೈಪಿನಲ್ಲಿ ಒಂದೇ ಸಮ ಹರಿಯುವುದಿಲ್ಲ, ಬಡಿತ ಬಡಿತವಾಗಿ ಬರುತ್ತದೆ. ಎರಡು ಬಡಿತಗಳ ನಡುವೆ ಒತ್ತಡ ಇಳಿದಾಗ ಹೊರಗಿನ ಗಾಳಿ ಆ ಸಂದಿನಿಂದ ಒಳನುಗ್ಗುತ್ತದೆ. ಸೆನ್ಸರ್ ಆ ಆಮ್ಲಜನಕವನ್ನು ಕಂಡಂತೆಯೇ ವರದಿ ಮಾಡುತ್ತದೆ, ಇಸಿಯು ಬೇಡದ ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಬೀಳುತ್ತದೆ, ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತದೆ. ಹೊಸ ಸೆನ್ಸರ್ ಹಾಕಿದರೂ ಅದು ಹೇಳುವುದು ಅದನ್ನೇ. ಇದನ್ನು ಪತ್ತೆಹಚ್ಚಲು ದುಬಾರಿ ಯಂತ್ರ ಬೇಡ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಸೈಲೆನ್ಸರ್ ಬಾಯಿಗೆ ದಪ್ಪ ಬಟ್ಟೆಯನ್ನು ಒಂದು ಕ್ಷಣ ಒತ್ತಿ ಹಿಡಿದರೆ ಸಂದಿರುವ ಕಡೆ ಟಿಸ್ ಟಿಸ್ ಎನ್ನುತ್ತದೆ. ಜಾಯಿಂಟಿನ ಸುತ್ತ ಮಸಿಯ ಗೆರೆಯೂ ಇರುತ್ತದೆ.

ಸೆನ್ಸರ್ ಕೂರಿಸುವ ಜಾಗದ ಬಗ್ಗೆಯೂ ಇಂಥದೇ ಉದಾಸೀನ. ವೆಲ್ಡಿಂಗ್ ಮಾಡಲು ಸುಲಭವೆಂದು ಪೈಪಿನ ತಳಭಾಗದಲ್ಲಿ ನಟ್ಟು ಬೆಸೆದರೆ, ಬೆಳಗಿನ ಹೊತ್ತು ಪೈಪಿನೊಳಗೆ ಹನಿಗಟ್ಟಿದ ನೀರು ಅಲ್ಲೇ ನಿಲ್ಲುತ್ತದೆ. ಸೆನ್ಸರಿನೊಳಗಿನ ಕಾದ ಸೆರಾಮಿಕ್ ಮೇಲೆ ಆ ನೀರು ಬಿದ್ದರೆ ಅದು ಬಿರುಕು ಬಿಡಬಹುದು. ಸೆನ್ಸರ್ ಪೈಪಿನ ಮೇಲ್ಭಾಗದಲ್ಲಿ, ತುದಿ ಕೆಳಕ್ಕೆ ಬಾಗಿ, ಅಡ್ಡಗೆರೆಗಿಂತ ಕನಿಷ್ಠ 10 ಡಿಗ್ರಿ ಓರೆಯಾಗಿರಬೇಕು. ಅದರ ಕೆಲಸ ಶುರುವಾಗುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಎಂಜಿನ್‌ನಿಂದ ತೀರಾ ದೂರ ಇಟ್ಟರೆ ಸೆನ್ಸರಿನೊಳಗಿನ ಹೀಟರಿಗೂ ಅದನ್ನು ಬಿಸಿಯಾಗಿಡುವುದು ಕಷ್ಟ. ಜಾಯಿಂಟಿಗೆ ಬಳಿಯುವ ಸಾಮಾನ್ಯ ಸಿಲಿಕೋನ್ ಅಂಟಿನ ಆವಿಯೂ ಅದಕ್ಕೆ ವಿಷ.

ಸೆನ್ಸರ್ ಎಂದೂ ಕೆಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ವಯಸ್ಸಾದಂತೆ ಪ್ರತಿಕ್ರಿಯೆ ಮಂದವಾಗುತ್ತದೆ, ಹೀಟರ್ ಸುಡುತ್ತದೆ. ಹೀಟರ್ ದೋಷ ಸೂಚಿಸುವ ಪಿ0135 ಕೋಡ್ ಬಂದರೆ ಮೊದಲು ಫ್ಯೂಸ್, ವೈರು ನೋಡಿ, ಆಮೇಲೆ ಬದಲಾಯಿಸಿ, ಅದೂ ಅದೇ ಪಾರ್ಟ್ ನಂಬರಿನದನ್ನು.

ಇನ್ನು ಸ್ಪೇಸರ್. ಅದು ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ನಂತರ ಇರುವ ಎರಡನೇ ಸೆನ್ಸರನ್ನು ಹೊಗೆಯ ಹರಿವಿನಿಂದ ದೂರ ಸರಿಸಿ, ಕನ್ವರ್ಟರ್ ಚೆನ್ನಾಗಿದೆ ಎಂಬ ಸುಳ್ಳು ಹೇಳಿಸುತ್ತದೆ. ಮಿಸ್‌ಫೈರ್ ಆಗಿ ಕನ್ವರ್ಟರ್ ಒಳಗೇ ಕರಗಿ ಮುಚ್ಚಿಕೊಳ್ಳುತ್ತಿದ್ದರೂ ಆ ಸೆನ್ಸರಿನಿಂದ ಎಚ್ಚರಿಕೆ ಬರುವುದಿಲ್ಲ. ದುಡ್ಡು ಕೊಟ್ಟು ಹಾಕಿಸಿಕೊಂಡ ಪಿಕಪ್ ಹೋಗುವುದೂ ಹಾಗೆಯೇ.

ರಿಮ್ಯಾಪ್ ಮಾಡಿಸುವವರಿಗೆ ಒಂದು ಮಾತು: ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮಿಶ್ರಣ ಎಷ್ಟಿದೆಯೆಂದು ಹೇಳಲು ಮಾಮೂಲಿ ಸೆನ್ಸರಿಗೆ ಸಾಧ್ಯವಿಲ್ಲ. ಅದಕ್ಕೆ ವೈಡ್‌ಬ್ಯಾಂಡ್ ಸೆನ್ಸರೇ ಬೇಕು. ಅದರ ಲಾಗ್ ತೋರಿಸದ ಟ್ಯೂನರ್‌ಗೆ ಕಾರಿನ ಕೀ ಕೊಡಬೇಡಿ.