ನಿಶಿತಾನಿಯವರ ಶೂನ್ಯಮೀಮಾಂಸೆ

ಪೂರ್ವಪಶ್ಚಿಮಗಳ ಸಮನ್ವಯವೆಂಬ ಮಾತು ನಮ್ಮಲ್ಲಿ ಬಹಳ ಅಗ್ಗವಾಗಿದೆ. ಅಲ್ಲಿಯ ಒಂದು ತತ್ತ್ವವನ್ನೂ ಇಲ್ಲಿಯ ಒಂದು ತತ್ತ್ವವನ್ನೂ ಮಗ್ಗುಲಲ್ಲಿಟ್ಟು ಎರಡೂ ಒಂದೇ ಎಂದುಬಿಟ್ಟರೆ ಕಾರ್ಯ ಮುಗಿಯಿತೆಂದು ತಿಳಿಯುವವರುಂಟು. ಜಪಾನಿನ ತತ್ತ್ವಜ್ಞ ಕೇಜಿ ನಿಶಿತಾನಿ (1900–1990) ಅವರನ್ನು ಓದಹೊರಟ ವಾಚಕರು ಮೊದಲು ಈ ಅಭ್ಯಾಸವನ್ನು ತೊರೆಯಬೇಕು.

ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಕಿಟಾರೋ ನಿಶಿದಾ ಅವರ ಶಿಷ್ಯರಾಗಿದ್ದ ಇವರು 1924ರಲ್ಲಿ ಪದವಿ ಪಡೆದರು. 1937ರಿಂದ 1939ರವರೆಗೆ ಜರ್ಮನಿಯ ಫ್ರೈಬುರ್ಗಿನಲ್ಲಿ ಹೈಡೆಗ್ಗರನ ಬಳಿ ಅಧ್ಯಯನ ಮಾಡಿದರು. ಇದು ಹೊರಗಿನ ಚರಿತ್ರೆ. ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡು, ರೋಗದಿಂದ ನರಳಿ, ಬದುಕಿಗೆ ಅರ್ಥವಿಲ್ಲವೆಂಬ ಹತಾಶೆಯಲ್ಲಿ ನೀಚೆಯನ್ನೂ ದಾಸ್ತೋವ್‌ಸ್ಕಿಯನ್ನೂ ಓದಿದ್ದು ಒಳಗಿನ ಚರಿತ್ರೆ. ಯುರೋಪಿನ ನಾಸ್ತಿಕಶೂನ್ಯವಾದವು ಅವರಿಗೆ ಪರದೇಶದ ಪಾಠ್ಯವಿಷಯವಾಗಿರಲಿಲ್ಲ, ಸ್ವಂತ ವ್ಯಾಧಿಯಾಗಿತ್ತು. ಅದಕ್ಕೆ ಮದ್ದನ್ನು ಅವರು ಗ್ರಂಥಗಳಲ್ಲಿ ಹುಡುಕಿದಷ್ಟೇ ಝೆನ್ ಸಾಧನೆಯಲ್ಲಿಯೂ ಹುಡುಕಿದರು.

1961ರಲ್ಲಿ ಪ್ರಕಟವಾಗಿ, 1982ರಲ್ಲಿ ಇಂಗ್ಲಿಷಿಗೆ ಬಂದ ಅವರ ಮುಖ್ಯ ಗ್ರಂಥದ ಹೆಸರೇ ‘ಧರ್ಮವೆಂದರೇನು’. ಧರ್ಮದಿಂದ ನಮಗೇನು ಪ್ರಯೋಜನ ಎಂದು ಕೇಳುವವನನ್ನು ಅವರು ಹಿಂದಕ್ಕೆ ತಿರುಗಿಸಿ, ನೀನೇ ಯಾವ ಪ್ರಯೋಜನಕ್ಕಾಗಿ ಇದ್ದೀಯೆ ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ದೊರೆಯದಾದಾಗ ಕಾಲಡಿಯ ನೆಲವೇ ಕುಸಿಯುತ್ತದೆ. ಸಾರ್ತ್ರನು ಅಲ್ಲಿಯೇ ನಿಂತು, ಆ ಅಭಾವದ ಮೇಲೆ ಮನುಷ್ಯನ ಸ್ವಾತಂತ್ರ್ಯವನ್ನು ಕಟ್ಟಿದನು. ಅಹಂಕಾರವು ಇನ್ನೂ ಅಳಿದಿಲ್ಲ, ಅಭಾವವನ್ನೇ ಆಸನ ಮಾಡಿಕೊಂಡಿದೆ ಎಂಬುದು ನಿಶಿತಾನಿಯವರ ಆಕ್ಷೇಪ. ಈ ವಿಮರ್ಶೆ ನನಗೆ ಗ್ರಂಥದ ಅತ್ಯಂತ ಬಲವಾದ ಭಾಗವಾಗಿ ತೋರಿದೆ. ಅಭಾವವೂ ಬರಿದಾದಾಗ ತೆರೆಯುವುದೇ ಅವರು ಹೇಳುವ ಶೂನ್ಯತೆ. ಅಲ್ಲಿ ಪ್ರತಿಯೊಂದು ವಸ್ತುವೂ ತಾನು ತಾನಾಗಿರುತ್ತದೆ. ಬೆಂಕಿ ಎಲ್ಲವನ್ನೂ ಸುಡುತ್ತದೆ, ತನ್ನನ್ನು ತಾನು ಸುಡದು. ಸುಡದಿರುವ ಆ ನೆಲೆಯಲ್ಲಿಯೇ ಅದು ಬೆಂಕಿ ಎಂಬುದು ಅವರ ನಿದರ್ಶನ.

ಶೂನ್ಯತೆಗೆ ಜಪಾನೀಯರು ಬಳಸುವ ಅಕ್ಷರಕ್ಕೆ ಆಕಾಶವೆಂಬ ಅರ್ಥವೂ ಉಂಟು. ಇದನ್ನು ಕೇಳಿದೊಡನೆ ಕನ್ನಡಿಗರಿಗೆ ‘ಬಯಲು’ ನೆನಪಾಗುವುದು ಸಹಜ. ಆದರೂ ತಾಳ್ಮೆಯಿರಲಿ. ಅವರ ಶೂನ್ಯತೆ ಮಹಾಯಾನದ್ದು. ವಿಜ್ಞಾನಯುಗದ ಹತಾಶೆಗೆ ಉತ್ತರವಾಗಿ ಮತ್ತೆ ಕಡೆದದ್ದು. ಶಬ್ದಸಾಮ್ಯದಿಂದ ದರ್ಶನಸಾಮ್ಯವು ಸಿದ್ಧಿಸುವುದಿಲ್ಲ.

ಇಷ್ಟು ಮೆಚ್ಚಿದ ಮೇಲೆ ಅಪ್ರಿಯವನ್ನೂ ಹೇಳಲೇಬೇಕು. 1941–42ರಲ್ಲಿ, ಜಪಾನು ಯುದ್ಧದಲ್ಲಿ ಮುಳುಗಿದ್ದಾಗ, ದೇಶದ ‘ವಿಶ್ವ ಐತಿಹಾಸಿಕ’ ಪಾತ್ರವನ್ನು ಕುರಿತ ಗೋಷ್ಠಿಗಳಲ್ಲಿ ನಿಶಿತಾನಿ ಭಾಗವಹಿಸಿದ್ದರು. 1942ರ ‘ಆಧುನಿಕತೆಯನ್ನು ಮೀರುವುದು’ ಎಂಬ ಗೋಷ್ಠಿಯಲ್ಲಿಯೂ ಇದ್ದರು. ಸೋಲಿನ ಬಳಿಕ 1947ರಲ್ಲಿ ಅಧ್ಯಾಪಕ ಪೀಠ ತಪ್ಪಿತು. 1952ರಲ್ಲಿ ಮರಳಿ ದೊರೆಯಿತು. ಅವರು ಉಗ್ರ ರಾಷ್ಟ್ರವಾದಿಗಳನ್ನು ಒಳಗಿನಿಂದಲೇ ತಿದ್ದಲು ಯತ್ನಿಸಿದರೆಂದು ಕೆಲವರ ಸಮರ್ಥನೆ. ಇರಬಹುದು. ಆದರೆ ವ್ಯಕ್ತಿಯ ಅಹಂಕಾರವನ್ನು ಇಷ್ಟು ಸೂಕ್ಷ್ಮವಾಗಿ ಗುರುತಿಸಿದ ಕಣ್ಣಿಗೆ ರಾಷ್ಟ್ರದ ಅಹಂಕಾರವು ಆಗ ಏಕೆ ಅಷ್ಟು ಮಸುಕಾಗಿ ಕಂಡಿತು? 1961ರ ಗ್ರಂಥವು ಕಾಲ, ಇತಿಹಾಸಗಳಿಗೆ ಎರಡು ದೀರ್ಘ ಅಧ್ಯಾಯಗಳನ್ನು ಮೀಸಲಿಟ್ಟಿದೆ. ಅಲ್ಲಿ ನಾನು ಈ ಪ್ರಶ್ನೆಯನ್ನಿಟ್ಟುಕೊಂಡೇ ಓದಿದೆನು. ತೃಪ್ತಿಕರವಾದ ಉತ್ತರ ಸಿಗಲಿಲ್ಲ. ವಾಚಕರು ಮೊದಲ ಅಧ್ಯಾಯದಿಂದಲೇ ಆರಂಭಿಸಿ, ಆ ಕೊನೆಯ ಎರಡನ್ನು ಬಿಡದೆ ಓದಿ ನೋಡಬೇಕು.