ಬಾಬ್ ಎವರ್ಸ್ ಕಥೆಗಳೂ ಅವುಗಳ ಕರ್ತೃವೂ

ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಹಾಲೆಂಡ್ ದೇಶದಲ್ಲಿ ಬೆಳೆದ ಹುಡುಗರ ಪೈಕಿ ಬಾಬ್ ಎವರ್ಸ್ ಎಂಬ ಹೆಸರನ್ನು ಅರಿಯದವರು ವಿರಳ. ಆ ಹೆಸರಿನ ಸಾಹಸಕಥೆಗಳ ಮೊದಲ ಪುಸ್ತಕಗಳನ್ನು ಮೆಪ್ಪೆಲ್ ಪಟ್ಟಣದ ಸ್ಟೆನ್‌ಫರ್ಟ್ ಎಂಬ ಪ್ರಕಾಶಕರು ೧೯೪೯ರಲ್ಲಿ ಹೊರತಂದರು. ಒಂದರ ಹಿಂದೊಂದು ಬಂದ ಆ ಮಾಲೆಯು ಮೂವತ್ತನ್ನೂ ಮೀರಿ ಬೆಳೆಯಿತು. ಮುಖಪುಟದಲ್ಲಿ ಅಚ್ಚಾಗುತ್ತಿದ್ದ ಗ್ರಂಥಕರ್ತನ ಹೆಸರು ವಿಲ್ಲಿ ಫಾನ್ ಡರ್ ಹೈಡೆ. ಅದು ಬರೆಹಕ್ಕಾಗಿ ಇಟ್ಟುಕೊಂಡ ಹೆಸರು. ತಾಯಿತಂದೆಗಳಿಟ್ಟ ಹೆಸರು ವಿಲ್ಲೆಮ್ ಫಾನ್ ಡೆನ್ ಹೌಟ್. ೧೯೧೫ರಲ್ಲಿ ಹುಟ್ಟಿ ೧೯೮೫ರಲ್ಲಿ ತೀರಿಕೊಂಡ ಈತನಿಗೆ ಇನ್ನೊಂದು ಹೆಸರೂ ಉಂಟು: ವಿಲ್ಲೆಮ್ ಡಬ್ಲ್ಯು. ವಾಟರ್‌ಮನ್. ೧೯೪೪ರಲ್ಲಿ, ದೇಶವು ಜರ್ಮನರ ಹಿಡಿತದಲ್ಲಿ ಸಿಕ್ಕಿ ನರಳುತ್ತಿದ್ದಾಗ, ಆ ವಾಟರ್‌ಮನ್ನನು ಆಳರಸರ ಪ್ರಚಾರಕ್ಕಾಗಿ ‘ಡೆ ಗಿಲ್’ ಎಂಬ ಹಾಸ್ಯಪತ್ರಿಕೆಯನ್ನು ನಡೆಸಿದನು. ‘ಗಿಲ್’ ಎಂದರೆ ಕಿರುಚು, ಚೀತ್ಕಾರ.

ಒಬ್ಬನೇ ಮನುಷ್ಯನ ಲೇಖನಿಯಿಂದ ಹೊರಟ ಈ ಎರಡು ಬಗೆಯ ಬರೆವಣಿಗೆಯನ್ನು ಅಕ್ಕಪಕ್ಕದಲ್ಲಿಟ್ಟು ನೋಡುವವರು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಒಂದನ್ನು ಹೇಳಿ ಸುಮ್ಮನಾಗುತ್ತಾರೆ. ಬರೆದವನ ನಡತೆ ಬೇರೆ, ಬರೆಹ ಬೇರೆ ಎನ್ನುವುದು ಒಂದು. ಇಂತಹವನ ಪುಸ್ತಕವನ್ನು ಮಕ್ಕಳ ಕೈಗೆ ಕೊಡಲಾಗದು ಎನ್ನುವುದು ಇನ್ನೊಂದು. ಎರಡೂ ಪುಸ್ತಕವನ್ನು ಓದದೆಯೇ ಹೇಳಬಹುದಾದ ಮಾತುಗಳು. ವಿಮರ್ಶೆಯ ಕೆಲಸವು ಪುಸ್ತಕದಿಂದ ತೊಡಗಬೇಕು.

ಕಥೆಗಳಲ್ಲಿ ಬರುವ ಹುಡುಗರು ಮೂವರು. ಯಾನ್ ಪ್ರಿನ್ಸ್ ಬಡಕಲು ಮೈಯವನು, ಮುಂಗೋಪಿ, ಕಾಸಿಗೆ ಕಾಸು ಲೆಕ್ಕ ಹಾಕುವವನು. ಆರಿ ರೋಸ್ ದಪ್ಪನೆಯವನು, ಊಟದಲ್ಲಿ ಅಪಾರ ಶ್ರದ್ಧೆಯುಳ್ಳವನು, ಎಂತಹ ಇಕ್ಕಟ್ಟಿನಿಂದಲೂ ಮಾತಿನ ಬಲದಿಂದ ನುಸುಳಿಕೊಳ್ಳಬಲ್ಲವನು. ಬಾಬ್ ಎವರ್ಸ್ ಅಮೆರಿಕದವನು, ಸಿರಿವಂತನ ಮಗ. ಇವರು ದಕ್ಷಿಣ ಸಮುದ್ರದ ಜನವಿಲ್ಲದ ದ್ವೀಪದಲ್ಲಿ ಸಿಕ್ಕಿಬೀಳುತ್ತಾರೆ. ಚಿನ್ನ ತುಂಬಿದ ಹಡಗಿಗಾಗಿ ಹೋರಾಡುತ್ತಾರೆ. ತಾಮ್ರದ ಫಿರಂಗಿಯೊಂದನ್ನು ಬೆನ್ನಟ್ಟುತ್ತಾರೆ. ಹಂದಿಯ ಚರ್ಮದ ಪೆಟ್ಟಿಗೆಯೊಂದರ ಸಲುವಾಗಿ ಗದ್ದಲವೆಬ್ಬಿಸುತ್ತಾರೆ. ಉತ್ತರ ಆಫ್ರಿಕದವರೆಗೂ ಅಲೆಯುತ್ತಾರೆ. ವಸ್ತುವಿನಲ್ಲಿ ಹೊಸತೇನೂ ಇಲ್ಲ. ಹುಡುಗರ ಸಾಹಸಕಥೆಗಳು ಎಲ್ಲ ದೇಶಗಳಲ್ಲಿಯೂ ಇಂತಹ ಸಾಮಗ್ರಿಯಿಂದಲೇ ಕಟ್ಟಲ್ಪಡುತ್ತವೆ.

ಹೊಸತಿರುವುದು ಮಾತಿನ ಧಾಟಿಯಲ್ಲಿ. ಆ ಕಾಲದ ಹಾಲೆಂಡಿನಲ್ಲಿ ಮಕ್ಕಳಿಗಾಗಿ ಬರೆಯುತ್ತಿದ್ದವರಲ್ಲಿ ಅನೇಕರು ಉಪಾಧ್ಯಾಯರು, ಇಲ್ಲವೆ ಧರ್ಮಬೋಧೆಯನ್ನು ಹೊಣೆಯೆಂದು ತಿಳಿದವರು. ಅವರ ಪುಸ್ತಕಗಳಲ್ಲಿ ಹಿರಿಯನೊಬ್ಬನು ಮೇಲಿನಿಂದ ಬಾಗಿ ಮಾತನಾಡುವುದು ಕೇಳಿಬರುತ್ತದೆ. ಫಾನ್ ಡರ್ ಹೈಡೆಯು ಬಾಗುವುದಿಲ್ಲ. ಹುಡುಗರ ಪಕ್ಕದಲ್ಲಿ ಕುಳಿತು ಮಾತನಾಡುತ್ತಾನೆ. ಯಾನನೂ ಆರಿಯೂ ಪುಟಗಟ್ಟಲೆ ಜಗಳವಾಡುತ್ತಾರೆ; ಆ ಜಗಳದಲ್ಲಿ ಸ್ನೇಹವು ಎಷ್ಟಿದೆಯೆಂಬುದನ್ನು ಲೇಖಕನು ವಿವರಿಸುವುದಿಲ್ಲ, ವಾಚಕನೇ ಅರಿತುಕೊಳ್ಳುತ್ತಾನೆ. ಹುಡುಗರು ಬೇರೆ ಬೇರೆ ದಾರಿ ಹಿಡಿದು, ಒಬ್ಬನಿಗೆ ತಿಳಿದದ್ದು ಮತ್ತೊಬ್ಬನಿಗೆ ತಿಳಿಯದೆ, ಕಥೆಯು ಎರಡು ಮೂರು ಎಳೆಗಳಾಗಿ ಸಾಗುತ್ತದೆ. ಎಲ್ಲ ಎಳೆಗಳನ್ನೂ ಹಿಡಿದಿರುವವನು ಓದುವ ಹುಡುಗನೊಬ್ಬನೇ. ದೊಡ್ಡವರು, ಅಧಿಕಾರಿಗಳು, ಗತ್ತಿನ ಮನುಷ್ಯರು ಬಹುಮಟ್ಟಿಗೆ ಒಂದು ಹೆಜ್ಜೆ ಹಿಂದೆಯೇ ಇರುತ್ತಾರೆ. ಇದರಿಂದ ಓದುವವನಿಗೆ ಒಂದು ಭಾವನೆ ಹುಟ್ಟುತ್ತದೆ: ಈ ಬರೆಯುವವನು ನಮ್ಮವನು, ದೊಡ್ಡವರ ಕಡೆಯವನಲ್ಲ. ಈ ನಂಬಿಕೆಯೇ ಆ ಪುಸ್ತಕಗಳ ಜೀವಾಳ. ಅದನ್ನು ಗಳಿಸುವುದು ಸುಲಭದ ವಿದ್ಯೆಯಲ್ಲ. ಉಪದೇಶದಿಂದ ತುಂಬಿದ ನೂರು ಪುಸ್ತಕಗಳಿಗೆ ಅದು ಲಭಿಸಿಲ್ಲ.

ಇನ್ನು ಯುದ್ಧಕಾಲದ ಮಾತು. ಜರ್ಮನರು ಹಾಲೆಂಡಿನ ಮೇಲೆ ಬಿದ್ದದ್ದು ೧೯೪೦ರ ಮೇ ೧೦ರಂದು. ನಾಲ್ಕು ದಿನಗಳ ತರುವಾಯ ರಾಟರ್‌ಡಾಮ್ ನಗರವು ಬಾಂಬುಗಳಿಗೆ ತುತ್ತಾಯಿತು. ರಾಣಿ ವಿಲ್‌ಹೆಲ್ಮಿನಳೂ ಮಂತ್ರಿಗಳೂ ಲಂಡನ್ನು ಸೇರಿದರು. ೧೯೪೨ರಿಂದ ‘ಸಂಸ್ಕೃತಿ ಮಂಡಲಿ’ಯೊಂದರ ಸದಸ್ಯತ್ವವಿಲ್ಲದೆ ಲೇಖಕನು ಏನನ್ನೂ ಪ್ರಕಟಿಸುವಂತಿರಲಿಲ್ಲ. ಅದೇ ವರ್ಷ ಜುಲೈ ತಿಂಗಳಿಂದ ಯೆಹೂದ್ಯರನ್ನು ರೈಲುಗಳಲ್ಲಿ ತುಂಬಿ ಪೂರ್ವದ ಮರಣಶಿಬಿರಗಳಿಗೆ ಸಾಗಿಸತೊಡಗಿದರು. ಸುಮಾರು ೧,೪೦,೦೦೦ ಮಂದಿಯಲ್ಲಿ ಒಂದು ಲಕ್ಷಕ್ಕೂ ಮಿಕ್ಕವರು ಹತರಾದರು. ನಿಜವಾದ ವಾರ್ತೆಯನ್ನು ತಿಳಿಯಲು ಜನರಿಗೆ ಉಳಿದಿದ್ದ ದಾರಿಗಳು ಎರಡೇ: ಲಂಡನ್ನಿನಿಂದ ಬರುತ್ತಿದ್ದ ರೇಡಿಯೋ, ಮತ್ತು ನೆಲಮಾಳಿಗೆಗಳಲ್ಲಿ ಗುಟ್ಟಾಗಿ ಅಚ್ಚಾಗಿ ಕೈಯಿಂದ ಕೈಗೆ ದಾಟುತ್ತಿದ್ದ ‘ಹೆಟ್ ಪರೋಲ್’, ‘ಟ್ರೌ’, ‘ಫ್ರೈ ನೇಡರ್‌ಲಾಂಡ್’ ಮೊದಲಾದ ಹಾಳೆಗಳು. ಅವುಗಳನ್ನು ಹಂಚಿದ ಎಷ್ಟೋ ಮಂದಿ ಗುಂಡಿಗೆ ಬಲಿಯಾದರು. ಯಾನ್ ಕಾಂಪರ್ಟ್ ಎಂಬ ಕವಿಯು, ಮರಣದಂಡನೆಗೆ ಗುರಿಯಾದ ಹದಿನೆಂಟು ಮಂದಿಯನ್ನು ಕುರಿತು ಬರೆದ ಪದ್ಯವೊಂದನ್ನು ೧೯೪೩ರಲ್ಲಿ ಹೀಗೆಯೇ ಗುಟ್ಟಾಗಿ ಅಚ್ಚು ಮಾಡಿ ಮಾರಿ, ಆ ಹಣದಿಂದ ಯೆಹೂದ್ಯ ಮಕ್ಕಳನ್ನು ಅಡಗಿಸಿ ಕಾಪಾಡಿದವರುಂಟು. ಅಂದಿನ ಹಾಲೆಂಡಿನಲ್ಲಿ ಅಚ್ಚಾದ ಒಂದು ಹಾಳೆಗೆ ಇಷ್ಟು ಬೆಲೆಯಿತ್ತು.

‘ಡೆ ಗಿಲ್’ ಹುಟ್ಟಿದ್ದು ಈ ಬೆಲೆಯನ್ನು ಬಲ್ಲವರ ಬುದ್ಧಿಯಿಂದ. ಜರ್ಮನರ ಪರವಾದ ಪತ್ರಿಕೆಗಳನ್ನು ಜನರು ನಂಬುವುದನ್ನು ಬಿಟ್ಟು ಬಹುಕಾಲವಾಗಿತ್ತು. ಆದಕಾರಣ ಪ್ರಚಾರ ಇಲಾಖೆಯವರಿಗೆ ತಮ್ಮದೆಂದು ತೋರದ ಪತ್ರಿಕೆಯೊಂದು ಬೇಕಾಯಿತು. ಫಾನ್ ಡೆನ್ ಹೌಟನು ಅದನ್ನು ಒದಗಿಸಿದನು. ಅದು ಗುಪ್ತಪತ್ರಿಕೆಗಳ ವೇಷವನ್ನು ತೊಟ್ಟಿತು. ಯಾರಿಗೂ ಸೊಪ್ಪು ಹಾಕದವರ ಧಾಟಿಯಲ್ಲಿ ಮಾತನಾಡಿತು. ಜರ್ಮನರನ್ನೂ ಅವರ ಸ್ಥಳೀಯ ಬಾಲಬಡುಕರನ್ನೂ ಅಲ್ಲಲ್ಲಿ ಚುಚ್ಚಿ ನಗಿಸಿತು. ನಾಜಿಗಳು ಹೀನವೆಂದು ದೂಷಿಸುತ್ತಿದ್ದ ಜಾಜ್ ಸಂಗೀತದ ಮೇಲೆ ತರುಣರಿಗಿದ್ದ ಮೋಹವನ್ನು ಬಲ್ಲವನಾಗಿ, ಆ ಸಂಗೀತಕ್ಕೂ ಅದರಲ್ಲಿ ಸ್ಥಳ ಕೊಟ್ಟನು. ಹೀಗೆ ನಂಬಿಕೆಯನ್ನು ಸಂಪಾದಿಸಿ, ಆ ನಂಬಿಕೆಯ ಮರೆಯಲ್ಲಿ ಮಿತ್ರರಾಷ್ಟ್ರಗಳನ್ನು, ಲಂಡನ್ನಿನ ಸರ್ಕಾರವನ್ನು, ಬಿಡುಗಡೆಯ ಆಸೆಯನ್ನು ಹಾಸ್ಯಕ್ಕೀಡು ಮಾಡುವುದು ಅದರ ಉದ್ದೇಶ. ಕಾದು ಕುಳಿತಿದ್ದ ಜನರ ಧೈರ್ಯವನ್ನು ಬೈದು ಮುರಿಯಲಾಗದು, ನಗಿಸಿ ಸಡಿಲಿಸಬಹುದು ಎಂಬುದು ಆ ಉಪಾಯದ ಒಳಗುಟ್ಟು. ಯುದ್ಧವು ಮುಗಿದ ಮೇಲೆ ಈತನು ಸೆರೆಯಲ್ಲಿ ಕೆಲಕಾಲ ಕಳೆದನು. ಆಮೇಲೆ ಬಂದುವು ಬಾಬ್ ಎವರ್ಸ್ ಪುಸ್ತಕಗಳು. ಆದರೆ ಅವುಗಳಲ್ಲಿನ ಕೆಲವು ಕಥೆಗಳ ಮೊದಲ ರೂಪವು ಯುದ್ಧಕಾಲದಲ್ಲಿಯೇ ಯುವಕರ ಪತ್ರಿಕೆಯೊಂದರಲ್ಲಿ ಪ್ರಕಟವಾಗಿತ್ತು. ಆದಕಾರಣ ಇವು ಒಬ್ಬನ ಬಾಳಿನ ಎರಡು ಬೇರೆ ಅಧ್ಯಾಯಗಳೆಂದು ಹೇಳುವಂತೆಯೂ ಇಲ್ಲ. ಒಂದೇ ಕಾಲದಲ್ಲಿ ಒಂದೇ ಕೈ ಎರಡು ಕೆಲಸವನ್ನೂ ಮಾಡುತ್ತಿತ್ತು.

ಕಾಶ್ಮೀರದ ಮಮ್ಮಟನು ತನ್ನ ‘ಕಾವ್ಯಪ್ರಕಾಶ’ದಲ್ಲಿ ಉಪದೇಶದ ರೀತಿಗಳನ್ನು ಮೂರಾಗಿ ವಿಂಗಡಿಸುತ್ತಾನೆ. ಒಡೆಯನು ಆಜ್ಞಾಪಿಸಿದಂತೆ ಹೇಳುವುದು ವೇದ, ಗೆಳೆಯನು ತಿಳಿಯಹೇಳಿದಂತೆ ಹೇಳುವುದು ಪುರಾಣ ಇತಿಹಾಸ, ನಲ್ಲೆಯು ಒಲಿಸಿ ನುಡಿದಂತೆ ಹೇಳುವುದು ಕಾವ್ಯ. ಈ ವಿಂಗಡಣೆಯ ಬೆಳಕಿನಲ್ಲಿ ನೋಡಿದರೆ ಪ್ರಸ್ತುತ ವಿಷಯವು ಸ್ಪಷ್ಟವಾಗುತ್ತದೆ. ಜರ್ಮನರ ಘೋಷಣೆಗಳದು ಒಡೆಯನ ದನಿ. ಅದಕ್ಕೆ ಜನರು ಹೆದರಿದರೇ ಹೊರತು ಕಿವಿಗೊಡಲಿಲ್ಲ. ಫಾನ್ ಡೆನ್ ಹೌಟನಿಗೆ ಒಲಿದಿದ್ದುದು ಗೆಳೆಯನ ದನಿ. ಅದನ್ನು ಒಡೆಯನಿಗೆ ಬಾಡಿಗೆಗೆ ಕೊಟ್ಟುದೇ ಆತನ ಅಪರಾಧ. ಆ ದನಿಯೇ ತರುವಾಯ ಮಕ್ಕಳ ಬಳಿಗೆ ಬಂದು, ದೊಡ್ಡವರನ್ನು ಅಣಕಿಸಿ, ಜೊತೆಗೂಡಿ ನಕ್ಕು, ಅವರ ಮನಸ್ಸನ್ನು ಸೂರೆಗೊಂಡಿತು. ಆದುದರಿಂದ ಬರೆಹವೇ ಬೇರೆ, ನಡತೆಯೇ ಬೇರೆ ಎಂಬ ಸಮಾಧಾನವು ಇಲ್ಲಿ ಸಲ್ಲುವುದಿಲ್ಲ. ಪುಸ್ತಕದಲ್ಲಿ ಯಾವ ಗುಣವು ಮೆಚ್ಚಿಗೆಯಾಗುತ್ತದೆಯೋ ಆ ಗುಣವೇ ಪತ್ರಿಕೆಯಲ್ಲಿ ಆಯುಧವಾಗಿತ್ತು. ಆತನು ದಡ್ಡ ಬರೆಹಗಾರನಾಗಿದ್ದರೆ ‘ಡೆ ಗಿಲ್’ ಅಷ್ಟು ಅಪಾಯಕರವಾಗುತ್ತಿರಲಿಲ್ಲ. ಬಾಬ್ ಎವರ್ಸ್ ಕಥೆಗಳೂ ಬದುಕುತ್ತಿರಲಿಲ್ಲ.

ಆದರೆ ಇಷ್ಟರಿಂದ ಪುಸ್ತಕಗಳು ದೂಷಿತವಾದುವೆಂದು ತೀರ್ಮಾನಿಸುವುದೂ ಅವಸರವೇ ಆಗುತ್ತದೆ. ಕರ್ತೃವಿನ ದೋಷವು ಕೃತಿಯ ಮೈಯೊಳಗೆ ಇಳಿಯುವುದು ಒಂದು ಬಗೆ. ಇಳಿಯದಿರುವುದು ಇನ್ನೊಂದು ಬಗೆ. ನೆರೆಯ ಬೆಲ್ಜಿಯಂ ದೇಶದಲ್ಲಿ ಎರ್ಜೆ ಎಂಬ ಚಿತ್ರಕಥೆಗಾರನು ಅದೇ ವರ್ಷಗಳಲ್ಲಿ ಜರ್ಮನರ ಅಂಕೆಯಲ್ಲಿದ್ದ ‘ಲ ಸ್ವಾರ್’ ಪತ್ರಿಕೆಗೆ ತನ್ನ ಟಿನ್‌ಟಿನ್ ಕಥೆಗಳನ್ನು ಬರೆಯುತ್ತಿದ್ದನು. ಆಕಾಶದಿಂದ ಬಿದ್ದ ಉಲ್ಕೆಯನ್ನು ಕುರಿತ ಕಥೆಯಲ್ಲಿ ಯೆಹೂದ್ಯರನ್ನು ಹೀಯಾಳಿಸುವ ಚಿತ್ರಗಳೇ ಸೇರಿಕೊಂಡಿದ್ದುವು. ಮುಂದೆ ಅವುಗಳನ್ನು ತಿದ್ದಬೇಕಾಯಿತು. ಅಲ್ಲಿ ವಿಷವು ಪುಟದ ಮೇಲೆಯೇ ಇತ್ತು, ಕಣ್ಣಿಗೆ ಕಾಣುತ್ತಿತ್ತು. ಬಾಬ್ ಎವರ್ಸ್ ಕಥೆಗಳು ಪಕ್ಷಪ್ರಚಾರಕ್ಕಾಗಿ ಹುಟ್ಟಿದವಲ್ಲ. ಅವುಗಳ ಹಿಂದೆ ಇರುವುದು ಬರಿಯ ನೆರಳು; ಆ ನೆರಳನ್ನು ಕಾಣಬೇಕಾದರೆ ಪುಸ್ತಕದ ಹೊರಗಿನ ತಿಳಿವಳಿಕೆ ಬೇಕು.

ಕಾಲವು ಕೆಟ್ಟದಾಗಿತ್ತು, ಹೊಟ್ಟೆಪಾಡು ಕಠಿನವಾಗಿತ್ತು, ಎಲ್ಲರೂ ಒಂದಲ್ಲ ಒಂದು ವಿಧದಲ್ಲಿ ಬಾಗಿದರು ಎಂಬ ವಾದವೂ ಕೇಳಿಬರುವುದುಂಟು. ಬಾಗುವುದರಲ್ಲಿಯೂ ತರತಮಗಳಿವೆ. ಮಾರ್ಟೆನ್ ಟೋಂಡರನು ತನ್ನ ಟಾಮ್ ಪೂಸ್ ಎಂಬ ಬೆಕ್ಕಿನ ಕಥೆಯನ್ನು ೧೯೪೧ರಿಂದ ‘ಡೆ ಟೆಲಿಗ್ರಾಫ್’ ಪತ್ರಿಕೆಯಲ್ಲಿ ನಡೆಸಿದನು. ೧೯೪೪ರ ಕೊನೆಯಲ್ಲಿ ಆ ಪತ್ರಿಕೆಯು ನಾಜಿ ಪಡೆಯವನೊಬ್ಬನ ಕೈಗೆ ಹೋದಾಗ ನಿಲ್ಲಿಸಿಬಿಟ್ಟನು. ತಡವಾಗಿಯಾದರೂ ಆತನಿಗೆ ಒಂದು ಎಲ್ಲೆ ಕಂಡಿತು. ಫಾನ್ ಡೆನ್ ಹೌಟನಾದರೋ ಆ ವರ್ಷವೇ ಎಲ್ಲೆಯನ್ನು ದಾಟಿ ಆಚೆಯ ಕಡೆ ಅಂಗಡಿಯಿಟ್ಟನು.

ಮತ್ತೊಂದು ಮನೆಯ ಮಾತನ್ನೂ ಇಲ್ಲಿ ಸ್ಮರಿಸುವುದು ಉಚಿತ. ಹಾಲೆಂಡಿನ ಹುಡುಗಿಯರಿಗೆ ಅಚ್ಚುಮೆಚ್ಚಾಗಿದ್ದ ಲೇಖಕಿಯೆಂದರೆ ಸಿಸಿ ಫಾನ್ ಮಾರ್ಕ್ಸ್‌ಫೆಲ್ಟ್. ಯೋಪ್ ಟೆರ್ ಹೊಲ್ ಎಂಬ ತುಂಟ ಹುಡುಗಿಯನ್ನು ಕುರಿತ ಆಕೆಯ ಕಥೆಗಳೂ ಗೆಳತಿಯ ದನಿಯಲ್ಲಿಯೇ ಬರೆದವು. ಕಾಗದಗಳ ರೂಪದಲ್ಲಿ, ಸಲಿಗೆಯಿಂದ, ನಗುನಗುತ್ತ. ಆಮ್‌ಸ್ಟರ್‌ಡಾಮಿನಲ್ಲಿ ಅಡಗಿ ಕುಳಿತಿದ್ದ ಆನ್ ಫ್ರಾಂಕ್ ಎಂಬ ಯೆಹೂದ್ಯ ಬಾಲಿಕೆಗೆ ಈ ಪುಸ್ತಕಗಳು ಪ್ರಿಯವಾಗಿದ್ದುವು. ತನ್ನ ದಿನಚರಿಯನ್ನು ಆಕೆ ‘ಕಿಟ್ಟಿ’ ಎಂಬ ಗೆಳತಿಗೆ ಬರೆದ ಕಾಗದಗಳೆಂಬಂತೆ ಬರೆದಳು. ಆ ಹೆಸರು ಯೋಪಳ ಗೆಳತಿಯರಲ್ಲೊಬ್ಬಳದೆಂದು ವಿದ್ವಾಂಸರು ಎಣಿಸುತ್ತಾರೆ. ೧೯೪೪ರ ಆಗಸ್ಟ್ ೪ರಂದು ಆ ಬಾಲಿಕೆ ಸೆರೆಸಿಕ್ಕಳು. ಜರ್ಮನರ ವಿರುದ್ಧ ಕೆಲಸ ಮಾಡುತ್ತಿದ್ದ ಲೇಖಕಿಯ ಪತಿ ಲಿಯೋ ಬೇಕ್ ಎಂಬಾತನು ಅದೇ ವರ್ಷ ಗುಂಡಿಗೆ ಬಲಿಯಾದನು. ಅದೇ ೧೯೪೪ರಲ್ಲಿ ‘ಡೆ ಗಿಲ್’ ಬೀದಿಯಲ್ಲಿ ಮಾರಾಟವಾಗುತ್ತಿತ್ತು. ಗೆಳೆತನದ ಧಾಟಿ ಎರಡು ಕಡೆಯೂ ಒಂದೇ. ಒಂದು ಕಡೆ ಅದು ಅಡಗಿದ್ದ ಮಗುವಿಗೆ ಮಾತನಾಡಲು ಒಬ್ಬ ಗೆಳತಿಯನ್ನು ಕೊಟ್ಟಿತು. ಇನ್ನೊಂದು ಕಡೆ ಆ ಮಗುವನ್ನು ಹುಡುಕುತ್ತಿದ್ದವರ ಸೇವೆಗೆ ನಿಂತಿತು. ಕಾಲವು ಕೆಟ್ಟದಾಗಿತ್ತೆಂಬ ಸಮರ್ಥನೆಗೆ ಇದಕ್ಕಿಂತ ಬೇರೆ ಉತ್ತರವು ಬೇಡ.

ಹಾಗಾದರೆ ಈ ಪುಸ್ತಕಗಳನ್ನು ಮಾಡುವುದೇನು? ಕಪಾಟಿನಿಂದ ತೆಗೆದೆಸೆಯುವುದರಿಂದ ಸತ್ತವರಿಗೆ ಯಾವ ನ್ಯಾಯವೂ ದೊರೆಯದು. ಪುಸ್ತಕಗಳನ್ನು ಸುಡುವ ಕೆಲಸವನ್ನು ೧೯೩೩ರಲ್ಲಿ ಮಾಡಿದವರು ಯಾರೆಂಬುದು ಎಲ್ಲರಿಗೂ ತಿಳಿದಿದೆ. ಕರ್ತೃವಿನ ಚರಿತ್ರೆಯನ್ನು ಮುಚ್ಚಿಟ್ಟು ಪುಸ್ತಕವನ್ನು ಮಾತ್ರ ಕೊಡುವುದೂ ನೇರವಾದ ದಾರಿಯಲ್ಲ. ಅದು ‘ಡೆ ಗಿಲ್’ ಮಾಡಿದ ಕೆಲಸದ ಜಾತಿಗೇ ಸೇರುತ್ತದೆ, ಕೊಡುವವನು ಯಾರೆಂಬುದನ್ನು ಮರೆಸುತ್ತದೆ. ಹತ್ತು ಹನ್ನೆರಡು ವಯಸ್ಸಿನ ಹುಡುಗನು ಯಾನ್ ಮತ್ತು ಆರಿಯರ ಜಗಳವನ್ನು ಓದಿ ಮನಸಾರ ನಗಲಿ; ಆ ನಗೆಯಲ್ಲಿ ದೋಷವಿಲ್ಲ. ಬುದ್ಧಿ ಬಲಿತ ಮೇಲೆ, ಅವನನ್ನು ಹಾಗೆ ನಗಿಸಿದವನು ಹಿಂದೆ ಬೇರೆಯವರನ್ನು ಯಾವುದಕ್ಕಾಗಿ ನಗಿಸಿದನೆಂಬುದನ್ನು ಮನೆಯ ಹಿರಿಯರು ಮರೆಮಾಚದೆ ಹೇಳಲಿ. ಆಗ ಹುಡುಗನಿಗೆ ಪುಸ್ತಕದ ಮೇಲಿನ ಪ್ರೀತಿ ಸ್ವಲ್ಪ ಕದಡಬಹುದು. ಆದರೆ ತನ್ನ ಪಕ್ಷದವನಂತೆ ಮಾತನಾಡುವವರೆಲ್ಲರೂ ತನ್ನ ಪಕ್ಷದವರಲ್ಲವೆಂಬ ಅರಿವು, ಉಪದೇಶದಿಂದಲ್ಲ, ತಾನೇ ಮೆಚ್ಚಿದ ಪುಸ್ತಕದ ಅನುಭವದಿಂದ ಅವನಿಗೆ ಬರುತ್ತದೆ.

ಕರ್ತೃವು ತೀರಿಕೊಂಡ ಮೇಲೆಯೂ, ೧೯೮೭ರಿಂದ, ಪೀಟರ್ ಡೆ ಜ್ವಾನ್ ಎಂಬ ಲೇಖಕನು ಈ ಮಾಲೆಯನ್ನು ಮುಂದುವರಿಸಿದನು. ಮೂವರು ಹುಡುಗರಿಗೆ ವಯಸ್ಸಾಗಲಿಲ್ಲ. ಮೊದಲ ಪುಸ್ತಕಗಳನ್ನು ಓದಿದವರು ಮುದುಕರಾದರು. ಅವರಲ್ಲಿ ಎಷ್ಟೋ ಮಂದಿ ತಮ್ಮ ಬಾಲ್ಯದ ಗೆಳೆಯನು ಯಾರೆಂಬುದನ್ನು ಬಹಳ ತಡವಾಗಿ ತಿಳಿದರು. ಬೇಗನೆ ತಿಳಿಸುವುದು ಸಾಹಿತ್ಯಕ್ಕೆ ಮಾಡುವ ದ್ರೋಹವಲ್ಲ. ಪುಸ್ತಕವನ್ನೂ ಓದುವ ಹುಡುಗನನ್ನೂ ಸಮನಾಗಿ ಗೌರವಿಸುವವರು ಮಾಡಲೇಬೇಕಾದ ಕೆಲಸ.